ಪ್ರಿಯದರ್ಶಿನಿ ಕೇಳಿದ ಪ್ರಶ್ನೆ

ಮಾಯಾಲೋಕದ ಚಲನಚಿತ್ರಗಳು ಕೇವಲ ಮನರಂಜನೆಗೆಂದೇ ನಾನು ಬಹುಕಾಲ ಎಣಿಸಿದ್ದೆನು. ಕಳೆದ ದಶಲಕ್ಷಣ ಪರ್ವಕ್ಕೆ ಮುನ್ನ ಮೊಮ್ಮಗಳೊಡನೆ ಕುಳಿತು, ಕೆ. ವಿ. ರೆಡ್ಡಿಯವರು ನಿರ್ದೇಶಿಸಿದ 1957ರ ತೆಲುಗು ಚಿತ್ರ ‘ಮಾಯಾಬಜಾರ್’ ನೋಡಿದಾಗ ಆ ಎಣಿಕೆ ತಪ್ಪೆಂದು ತಿಳಿಯಿತು.

ಅದರಲ್ಲಿ ‘ಪ್ರಿಯದರ್ಶಿನಿ’ ಎಂಬ ಪೆಟ್ಟಿಗೆಯೊಂದುಂಟು. ತೆರೆದು ನೋಡಿದವರಿಗೆ ಅವರವರ ಅತ್ಯಂತ ಪ್ರಿಯವಾದುದೇ ಅದರಲ್ಲಿ ಕಾಣುವುದು. ಶಶಿರೇಖೆಗೆ ಅಭಿಮನ್ಯು ಕಾಣುತ್ತಾನೆ. ಅವಳ ತಾಯಿ ರೇವತಿಗೆ ಒಡವೆಗಳು ಕಾಣುತ್ತವೆ.

“ಅಜ್ಜಾ, ನೀವು ತೆರೆದರೆ ಏನು ಕಾಣುತ್ತದೆ?” ಎಂದು ಮಗು ಕೇಳಿತು.

“ನೀನೇ ಕಾಣುವೆ” ಎಂದೆನು. ಅದು ಸತ್ಯವಾಗಿರಲಿಲ್ಲ. ಪಿತ್ರಾರ್ಜಿತ ತೋಟದ ಎರಡು ಗುಂಟೆಗಾಗಿ ತಮ್ಮನೊಡನೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ನನಗೆ ಕಾಣಬಹುದಾದುದು ಆ ತೋಟದ ಗಡಿಕಲ್ಲೊಂದೇ.

ಪರಿಗ್ರಹವು ವಸ್ತುವಿನಲ್ಲಿಲ್ಲ, ಅದರ ಮೇಲಿನ ಮಮಕಾರದಲ್ಲಿದೆ ಎಂಬ ತತ್ತ್ವಾರ್ಥಸೂತ್ರದ ಬೋಧೆಯನ್ನು ಬಸದಿಯಲ್ಲಿ ಎಷ್ಟೋ ಬಾರಿ ಕೇಳಿದ್ದೆನು. ಆದರೂ ಉತ್ತಮ ಆಕಿಂಚನ್ಯದ ದಿನ ಸಾಮಾಯಿಕಕ್ಕೆ ಕುಳಿತಾಗ ಆ ಕಲ್ಲೇ ಕಣ್ಣೆದುರು ನಿಂತಿತು.

ಕ್ಷಮಾವಣಿಯಂದು ತಮ್ಮನ ಮನೆಯ ಬಾಗಿಲಿಗೆ ಹೋಗಿ ಕೈಮುಗಿದು, “ಆ ನೆಲ ನಿನಗೇ ಇರಲಿ, ನನ್ನನ್ನು ಕ್ಷಮಿಸು” ಎಂದೆನು. ಅವನು ಮಾತನಾಡಲಿಲ್ಲ, ಒಳಗೆ ಹೋಗಿ ಮಣೆ ತಂದು ಹಾಕಿದನು.

ವಾಚಕ ಬಂಧುಗಳೇ, ಆ ಪೆಟ್ಟಿಗೆ ಕಟ್ಟುಕಥೆಯದು. ಅದನ್ನು ತೆರೆದು ನೋಡುವ ಧೈರ್ಯ ಮಾತ್ರ ನಮ್ಮದೇ ಆಗಬೇಕು.