ರಾಮನಾಥಪುರದ ಜಾತ್ರೆಯಲ್ಲಿ ಕಂಡ ಚಿತ್ರದ ಬಟ್ಟಲು

ಅರಕಲಗೂಡಿನಿಂದ ದಕ್ಷಿಣಾಭಿಮುಖವಾಗಿ ಹೊರಟ ಬಸ್ಸು ಹೊಲಗಳನ್ನೂ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳನ್ನೂ ಹಿಂದಿಕ್ಕಿ ಕಾವೇರಿಯ ದಡವನ್ನು ಮುಟ್ಟುವಲ್ಲಿ ರಾಮನಾಥಪುರವಿರುವುದು. ರಾವಣವಧೆಯ ದೋಷಪರಿಹಾರಾರ್ಥವಾಗಿ ಶ್ರೀರಾಮನು ಇಲ್ಲಿ ಲಿಂಗಪ್ರತಿಷ್ಠೆ ಮಾಡಿದನೆಂದು ಸ್ಥಳಪುರಾಣವು ಹೇಳುತ್ತದೆ. ರಾಮೇಶ್ವರ, ಅಗಸ್ತ್ಯೇಶ್ವರ, ಪ್ರಸನ್ನ ಸುಬ್ರಹ್ಮಣ್ಯ ಮೊದಲಾದ ದೇವಾಲಯಗಳನ್ನೂ, ವಹ್ನಿಪುಷ್ಕರಿಣಿಯೆನಿಸಿದ ನದಿಯ ಮಡುವಿನಲ್ಲಿ ಯಾರ ಗಾಳಕ್ಕೂ ಸಿಕ್ಕದೆ ನಿರ್ಭಯವಾಗಿ ಬೆಳೆದಿರುವ ಮೀನುಗಳನ್ನೂ ವಾಚಕರಲ್ಲಿ ಅನೇಕರು ನೋಡಿಯೇ ಇರಬಹುದು. ಆದುದರಿಂದ ಅವುಗಳ ವರ್ಣನೆಗೆ ನಾನು ತೊಡಗುವುದಿಲ್ಲ.

ಮಾರ್ಗಶಿರ ಷಷ್ಠಿಯ ಜಾತ್ರೆಗೆ ಈ ಸಲ ನಾವು ಹೋದುದು ದೇವರ ದರ್ಶನಕ್ಕಾಗಿ ಮಾತ್ರವೇ ಎಂದರೆ ಅಸತ್ಯವಾದೀತು. ಮಾಘಮಾಸದಲ್ಲಿ ನನ್ನ ಮೊಮ್ಮಗಳ ವಿವಾಹ. ಅರಿವೇಣಿಯ ಮಡಕೆಗಳಿಗೆ ಮುಂಗಡವಾಗಿ ವೀಳ್ಯ ಕೊಟ್ಟು ಬರಬೇಕೆಂಬುದು ನನ್ನ ಗೃಹಿಣಿಯ ಸಂಕಲ್ಪ. ಹೊಸ ಸಂಸಾರಕ್ಕೆ ಕೈಯಿಂದ ಚಿತ್ರ ಬರೆದ ಪಿಂಗಾಣಿಯ ಬಟ್ಟಲುಗಳು ಬೇಕೆಂಬುದು ಮೊಮ್ಮಗಳ ಹಟ. ಇವರಿಬ್ಬರ ನಡುವೆ ಚೀಲ ಹೊರುವುದು ನನ್ನ ಪಾಲಿಗೆ ಬಂದ ಕರ್ತವ್ಯ.

ರಥಬೀದಿಯಿಂದ ಸ್ವಲ್ಪ ದೂರದಲ್ಲಿ ಮಡಕೆ, ಕುಡಿಕೆ, ಬಾನಿ, ಹಣತೆಗಳನ್ನು ಹುಲ್ಲಿನ ಮೇಲೆ ಒಟ್ಟಿಕೊಂಡು ಒಬ್ಬ ವೃದ್ಧೆ ಕುಳಿತಿದ್ದಳು. ಅವಳ ಪಕ್ಕದಲ್ಲಿಯೇ ಒಂದು ಮಣೆಯ ಮೇಲೆ, ಬಿಳಿಯ ಬಟ್ಟೆ ಹಾಸಿ, ಹನ್ನೆರಡು ಹದಿಮೂರು ಪಿಂಗಾಣಿಯ ಬಟ್ಟಲುಗಳನ್ನು ಇಟ್ಟುಕೊಂಡು ಅವಳ ಮೊಮ್ಮಗಳಿದ್ದಳು. ನಾನು ಒಂದನ್ನು ಕೈಗೆತ್ತಿಕೊಂಡೆನು. ಆಕೃತಿ ನಮ್ಮ ಕುಡಿಕೆಯದೇ: ದುಂಡುಹೊಟ್ಟೆ, ಕಿರಿದಾದ ಕಂಠ, ಹೊರಗೆ ಬಾಗಿದ ಅಂಚು. ಮೈಮೇಲೆ ಕಾವಿಬಣ್ಣದ ಹಿನ್ನೆಲೆಯಲ್ಲಿ ಬಿಳಿಯ ಗೆರೆಗಳು, ಚುಕ್ಕೆಗಳು, ಅಡ್ಡಗಟ್ಟುಗಳು. ಮದುವೆಯ ಅರಿವೇಣಿಗೆ ಸುಣ್ಣ ಕೆಮ್ಮಣ್ಣುಗಳಿಂದ ಬರೆಯುವ ಚಿತ್ರವೇ ಗಾಜಿನಂತಹ ಮೆರುಗಿನ ಕೆಳಗೆ ನಿಂತಿತ್ತು!

ಆ ಹುಡುಗಿ ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ಚಿತ್ರ ಬರೆಯುವವಳು. ಜಾತ್ರೆಗೆಂದು ಊರಿಗೆ ಬಂದಿದ್ದಳು. ನಾನು ಮೇಷ್ಟರೆಂದು ತಿಳಿದೊಡನೆ ಬಹಳ ಉತ್ಸಾಹದಿಂದ ಕೆಲಸದ ಕ್ರಮವನ್ನು ವಿವರಿಸಿದಳು. ಊರಿನ ಮಡಕೆಯು ಆವಿಗೆಯಲ್ಲಿ ಸುಮಾರು 800 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಬೇಯುತ್ತದೆ. ನೀರು ಅದರ ಮೈಯಲ್ಲಿ ಒಸರುತ್ತದೆ, ಆದುದರಿಂದಲೇ ಬೇಸಗೆಯಲ್ಲಿ ತಂಪಾಗಿರುತ್ತದೆ. ಈ ಬಟ್ಟಲಿನ ಜೇಡಿಯಾದರೋ 1,200 ಡಿಗ್ರಿಗೂ ಮೇಲಿನ ಶಾಖವನ್ನು ಕಂಡು ಕಲ್ಲಿನಂತಾಗುತ್ತದೆ. ಮೊದಲು ಹದವಾಗಿ ಒಮ್ಮೆ ಸುಟ್ಟು, ಚಿತ್ರ ಬರೆದು, ಮೆರುಗಿನಲ್ಲಿ ಅದ್ದಿ, ಮತ್ತೊಮ್ಮೆ ಸುಡುವರು. ಒಮ್ಮೆ ಸುಟ್ಟ ಮಣ್ಣು ಕುಂಚದ ನೀರನ್ನು ಕ್ಷಣಮಾತ್ರದಲ್ಲಿ ಹೀರುವುದರಿಂದ ಗೆರೆ ತಪ್ಪಿದರೆ ಅಳಿಸಿ ತಿದ್ದುವಂತಿಲ್ಲ. ಸುಣ್ಣದ ಗೆರೆ ಆ ಉರಿಯಲ್ಲಿ ನಿಲ್ಲದ ಕಾರಣ ಅದಕ್ಕೆ ಬದಲಾಗಿ ಬಿಳಿಜೇಡಿ; ಕೆಮ್ಮಣ್ಣಿನ ಬಣ್ಣಕ್ಕೆ ಕಬ್ಬಿಣದ ಭಸ್ಮ. ನೀಲಿಗೆ ಕೋಬಾಲ್ಟ್ ಎಂಬ ಲೋಹದ ಭಸ್ಮ. ಬರೆಯುವಾಗ ಅದು ಬೂದಿಯಂತೆ ಮಂಕಾಗಿದ್ದು, ಒಲೆಯಿಂದ ಹೊರಬಂದ ಮೇಲೆ ನೀಲವಾಗುವುದಂತೆ. ಕಣ್ಣಿಗೆ ಕಾಣದ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಬೇಕು.

ಇದನ್ನು ಕೇಳಿ ನನಗೆ ತರ್ಕಪಾಠದ ದಿನಗಳು ನೆನಪಾದವು. ಹಸಿಯ ಘಟ ಶ್ಯಾಮ, ಸುಟ್ಟ ಘಟ ರಕ್ತ. ಈ ರೂಪಾಂತರ ಎಲ್ಲಿ ಆಗುತ್ತದೆ? ಪರಮಾಣುಗಳು ಬೇರ್ಪಟ್ಟು, ಬಣ್ಣ ಬದಲಿಸಿ, ಮತ್ತೆ ಕೂಡುವುವು ಎಂದು ವೈಶೇಷಿಕರು. ಪಾತ್ರೆ ಪಾತ್ರೆಯಾಗಿಯೇ ಇದ್ದು ಬಣ್ಣ ಬದಲಿಸುತ್ತದೆ ಎಂದು ನೈಯಾಯಿಕರು. ಪೀಲುಪಾಕ, ಪಿಠರಪಾಕಗಳೆಂಬ ಈ ವಾದವನ್ನು ಎಷ್ಟೋ ವರ್ಷ ಬೋಧಿಸಿದ ನಾನು ಒಂದು ದಿನವಾದರೂ ಆವಿಗೆಯ ಬಳಿ ಹೋಗಿ ನಿಂತವನಲ್ಲ.

ಉತ್ಸಾಹ ಹೆಚ್ಚಾಗಿ ಮೊಮ್ಮಗಳಿಗೆ ಮುಂದಿನ ಪಾಠವನ್ನೂ ಅಲ್ಲಿಯೇ ಆರಂಭಿಸಿದೆನು. ಘಟಕ್ಕೆ ಮಣ್ಣು ಕಾರಣ, ಕುಂಬಾರ ಕಾರಣ, ಚಕ್ರ ದಂಡಗಳೂ ಕಾರಣ. ಆದರೆ ಕುಂಬಾರನ ತಂದೆಯೂ, ಮಣ್ಣು ಹೊತ್ತ ಕತ್ತೆಯೂ ಕಾರಣವಲ್ಲ, ಅವು ಅನ್ಯಥಾಸಿದ್ಧ, ಎಂದರೆ ಲೆಕ್ಕಕ್ಕೆ ಹೊರಗು ಎಂದೆನು. ವೃದ್ಧೆ ಇದನ್ನು ಕೇಳಿಸಿಕೊಂಡು ನಕ್ಕಳು.

“ಅಪ್ಪನ್ನ ಬಿಟ್ಟು ಮಗ ಎಲ್ಲಿಂದ ಬಂದಾನು ಸ್ವಾಮಿ? ಕತ್ತೆ ಮಾತು ನಂಗೊತ್ತಿಲ್ಲ, ನಮ್ಮನೇಲಿ ಗಾಡಿ ಇತ್ತು. ಈ ಗೆರೆ ಇವಳ ಕೈಗೆ ಹತ್ತಿಸಿದ್ದು ನಾನು. ನಮ್ಮತ್ತೆ ನಂಗೆ ಹೇಳ್ಕೊಟ್ಟಿದ್ದು.”

ಹುಡುಗಿ ಮಾತನಾಡದೆ ಒಂದು ಬಟ್ಟಲನ್ನು ಮಗುಚಿ ತೋರಿಸಿದಳು. ತಳದಲ್ಲಿ ಆ ಕಾರ್ಯಾಗಾರದ ಮುದ್ರೆಯಿತ್ತು. ಅಜ್ಜಿಯ ಹೆಸರಿರಲಿ, ಬರೆದವಳ ಹೆಸರೂ ಇರಲಿಲ್ಲ. “ಅಲ್ಲಿ ಹಾಗೇನೇ ಸಾರ್” ಎಂದಷ್ಟೇ ಹೇಳಿದಳು. ಶಾಸ್ತ್ರದಲ್ಲಿ ತಂದೆಗೆ ಮಾತ್ರ ಸ್ಥಾನವಿಲ್ಲ. ಇಲ್ಲಿ ಮಾಡಿದವಳಿಗೇ ಇಲ್ಲ. ನನ್ನ ಪಾಠ ಅಲ್ಲಿಗೆ ನಿಂತಿತು.

ಮಡಕೆಯ ಮೇಲೆ ಬರೆಯುವ ಈ ಕೈ ನಮ್ಮ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಕ್ರಿಸ್ತಶಕದ ಆರಂಭಕಾಲದ ಮಡಕೆಚೂರುಗಳು ದೊರೆತವು. ಅವುಗಳ ಮೇಲೆ ಬಿಳಿಯ ಗೆರೆಗಳು, ಅದರ ಮೇಲೆ ಕಾವಿಯ ಲೇಪ. ಚಂದ್ರವಳ್ಳಿಯಲ್ಲಿಯೂ ಅಂಥವೇ ಸಿಕ್ಕಿವೆ. ಆ ಗೆರೆಗಳಿಗೂ ಈ ಅರಿವೇಣಿಗೂ ವಂಶಾವಳಿಯನ್ನು ಕಟ್ಟುವ ಸಾಹಸ ನನ್ನದಲ್ಲ. ಎರಡನ್ನೂ ನೋಡಿದವರಿಗೆ ಸಂತೋಷವಾಗುವುದು ಮಾತ್ರ ನಿಜ. ಉತ್ತರದಲ್ಲಿ ಜಯಪುರದ ನೀಲಿ ಪಾತ್ರೆಗಳ ಕುಶಲತೆ ಕ್ಷೀಣಿಸಿದ್ದಾಗ ಕೃಪಾಲಸಿಂಹ ಶೇಖಾವತ್ ಎಂಬ ಚಿತ್ರಕಾರರು ಅದನ್ನು ಎತ್ತಿ ನಿಲ್ಲಿಸಿ 1974ರಲ್ಲಿ ಪದ್ಮಶ್ರೀ ಪಡೆದರು. ಅಲ್ಲಿ ಚಿತ್ರಕಾರರ ಹೆಸರು ಉಳಿಯಿತು.

ಗೃಹಿಣಿಯರಿಗೆ ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾದೀತು. ಕೆಲವು ಮೆರುಗುಗಳಲ್ಲಿ ಸೀಸವನ್ನು ಬೆರೆಸುವುದುಂಟು. ಹುಣಿಸೆಯ ಸಾರು, ನಿಂಬೆಯ ಉಪ್ಪಿನಕಾಯಿ, ಮೊಸರು ಮುಂತಾದ ಹುಳಿಪದಾರ್ಥಗಳು ಅಂತಹ ಮೆರುಗಿನಿಂದ ಸೀಸವನ್ನು ಕರಗಿಸಿಕೊಳ್ಳುತ್ತವೆ. ಅದು ಮಕ್ಕಳಿಗೆ ವಿಶೇಷವಾಗಿ ವಿಷ. ಕಣ್ಣಿನಿಂದ ನೋಡಿ ಇದನ್ನು ಪತ್ತೆಮಾಡಲಾಗದು. ಕೊಳ್ಳುವಾಗ ಊಟಕ್ಕೆ ಯೋಗ್ಯವೇ ಎಂದು ಕೇಳಿರಿ. ಸ್ಪಷ್ಟವಾದ ಉತ್ತರ ಬಾರದಿದ್ದರೆ ಅದನ್ನು ಗೂಡಿನಲ್ಲಿ ಅಲಂಕಾರಕ್ಕೆ ಇಡಿರಿ. ಬೆರಳಾಡಿಸಿದಾಗ ಚಿತ್ರವು ಉಬ್ಬಾಗಿ ತಾಕಿದರೆ ಅದು ಸಾಮಾನ್ಯವಾಗಿ ಮೆರುಗಿನ ಮೇಲೆ ಬರೆದುದು, ಉಜ್ಜಿ ತೊಳೆದಂತೆ ಸವೆಯುತ್ತದೆ. ಈ ಹುಡುಗಿ ತನ್ನ ಬಟ್ಟಲುಗಳಲ್ಲಿ ಸೀಸವಿಲ್ಲವೆಂದು ಕೇಳುವ ಮೊದಲೇ ತಿಳಿಸಿದಳು.

ಆರು ಬಟ್ಟಲುಗಳನ್ನು ಕೊಂಡೆವು. ಮೊಮ್ಮಗಳು ಮೊಬೈಲಿನಿಂದಲೇ ಹಣ ಸಲ್ಲಿಸಿದಳು. ನನ್ನ ಗೃಹಿಣಿ ವೃದ್ಧೆಗೆ ಎಲೆ ಅಡಕೆ, ಮುಂಗಡಗಳನ್ನು ಕೊಟ್ಟು ಅರಿವೇಣಿಗೆ ಹೇಳಿ, ಮೊಸರಿಗೆಂದು ಒಂದು ಕುಡಿಕೆಯನ್ನೂ ತೆಗೆದುಕೊಂಡಳು. ನಾನು ಸುಮ್ಮನಿರಲಾರದೆ, “ಬಟ್ಟಲು ಎಷ್ಟು ಚೆನ್ನಾಗಿದೆ, ಅಜ್ಜಿ! ಇದು ನೂರು ವರ್ಷ ಬಾಳುತ್ತದೆ” ಎಂದೆನು.

“ಅದೇ ತಾನೇ ಸ್ವಾಮಿ ಕಷ್ಟ” ಎಂದಳು ಅವಳು. “ನಿಮ್ಮನೆ ಮಡಕೆ ಒಡೆದ್ರೇನೇ ನಮ್ಮನೆ ಒಲೆ ಉರಿಯೋದು. ಇದನ್ನ ಒಂದು ಸಾರಿ ತಗೊಂಡೋರು ಇನ್ನ್ಯಾವಾಗ ಬಂದಾರು?”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಮಕ್ಕಳಿಗೆ ಬರೆಸುತ್ತ ಬಂದ ನನಗೆ, ಆ ದೊಣ್ಣೆಯೂ ಕುಂಬಾರನ ಮನೆಯ ಅನ್ನಕ್ಕೆ ಬೇಕೆಂಬುದು ಹೊಳೆದಿರಲಿಲ್ಲ. ಹುಡುಗಿ ಮಾತ್ರ ಅಜ್ಜಿಯ ಮಾತಿಗೆ ಒಪ್ಪಲಿಲ್ಲ. ಮಡಕೆ ಕೊಳ್ಳುವವರೇ ಇಲ್ಲದ ಮೇಲೆ ಒಡೆಯುವುದೇನು ಬಂತು, ತನ್ನ ಸಂಬಳದಿಂದ ಮನೆ ನಡೆಯುತ್ತಿಲ್ಲವೇ ಎಂದು ಬಿರುಸಾಗಿಯೇ ಕೇಳಿದಳು. ವೃದ್ಧೆ ಉತ್ತರ ಕೊಡದೆ ಹಣತೆಗಳ ಧೂಳು ಒರಸತೊಡಗಿದಳು.

ಸಂಜೆ ಮೀನುಗಳಿಗೆ ಪುರಿ ಹಾಕಿ ಬಸ್ಸು ಹತ್ತಿದೆವು. ಹುಲ್ಲಿನಲ್ಲಿ ಸುತ್ತಿದ್ದ ಬಟ್ಟಲುಗಳಿಗೆ ಏನೂ ಆಗಲಿಲ್ಲ. ನನ್ನ ತೊಡೆಯ ಮೇಲಿದ್ದ ಮೊಸರಿನ ಕುಡಿಕೆ ಮಾತ್ರ ದಾರಿಯ ಒಂದು ಹಳ್ಳದಲ್ಲಿ ಬಸ್ಸು ಕುಕ್ಕರಿಸಿದಾಗ ಮುಂದಿನ ಆಸನದ ಕಂಬಿಗೆ ತಗುಲಿ ಎರಡು ಹೋಳಾಯಿತು. ಬೈಗುಳವನ್ನು ನಿರೀಕ್ಷಿಸಿ ನಾನು ಮುಖ ತಗ್ಗಿಸಿದೆನು. ಆಕೆ ಹೋಳುಗಳನ್ನು ಚೀಲಕ್ಕೆ ಹಾಕುತ್ತ, “ಇರಲಿ ಬಿಡಿ, ಮಾಘದಲ್ಲಿ ಅರಿವೇಣಿಗೆ ಹೇಗೂ ಅವಳ ಮನೆಗೆ ಹೋಗಬೇಕಲ್ಲ, ಆಗ ಎರಡು ತಂದರಾಯಿತು” ಎಂದಳು.