ದೊಡವಾಡದಿಂದ ಎಲ್ಲಮ್ಮನ ಗುಡ್ಡಕ್ಕೆ: ಹಳೆ ಬೆಳ್ಳಿಯ ಜಾಡು

ಧಾರವಾಡದಿಂದ ದೊಡವಾಡದ ಬಸ್ಸು ಹತ್ತಿದಾಗ ಭರತ ಹುಣ್ಣಿಮೆ ಹತ್ತಿರ ಬಂದಿತ್ತು. ದಾರಿಯ ಎರಡೂ ಬದಿಗೆ ಎರಿ ಹೊಲ, ತೆನೆ ಬಲಿತ ಬಿಳಿಜೋಳ. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಎತ್ತುಗಳಿಗೆ ಹಿತ್ತಾಳೆಯ ಕೋಡಣಸು, ಕೊರಳ ತುಂಬ ಗೆಜ್ಜೆಸರ. ಈ ಸೀಮೆಯಲ್ಲಿ ಒಡವೆಯ ಆಸೆ ಮನುಷ್ಯರಿಗಷ್ಟೇ ಸೀಮಿತವಲ್ಲ.

ದೊಡವಾಡದಲ್ಲಿ ವಯಸ್ಸಾದ ಪತ್ತಾರರೊಬ್ಬರ ಮುಂದೆ ಕೂತೆ. ಅವರ ತಕ್ಕಡಿಯಲ್ಲಿ ಸವೆದ ಕಾಲುಂಗುರ, ಕಡಿದ ಉಡದಾರ, ಜೋಡಿ ಕಳಕೊಂಡ ಕಾಲ್ಗಡಗ. ಎಲ್ಲವನ್ನೂ ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ, ಉರಿ ಹಚ್ಚಿದರು. "ಹಳೇ ಮಾಲಿನ್ಯಾಗ ಬೆಸಿಗಿ ಭಾಳ ಇರತೈತ್ರಿ ಅಕ್ಕಾರ. ಅದನ್ನ ತಗದ್ರ ತೂಕ ಇಳೀತೈತಿ. ಮೊದಲ ಹೇಳಿ ಕರಗಸಬೇಕು" ಎಂದರು. ಕರಗಿದ ಬೆಳ್ಳಿ ಅಚ್ಚಿಗಿಳಿದು ಕಡ್ಡಿಯಾಯಿತು. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ನಡುನಡುವೆ ಕೆಂಪಗೆ ಕಾಸದಿದ್ದರೆ ಸೀಳುತ್ತದೆ. ಕಡೆಗೆ ಹುಣಸೆ ನೀರಲ್ಲಿ ತಿಕ್ಕಿದಾಗ ಹೊಸ ಕಾಲುಂಗುರ ಬೆಳ್ಳಗೆ ಹೊಳೆಯಿತು. ಕೆಲಸದ ಜಾಗದ ಕಸವನ್ನೂ ಅವರು ಚೆಲ್ಲಲಿಲ್ಲ. ಪತ್ತಾರರ ಬೂದಿ, ಮಣ್ಣು ತೊಳೆದು ಚಿನ್ನ, ಬೆಳ್ಳಿಯ ಕಣ ಹೆಕ್ಕುವುದೇ ಜಲಗಾರರ ಹಿಂದಿನ ಕಸುಬು.

ರೂಪಾಯಿ ಸರದ ಮಾತು ತೆಗೆದಾಗ ಅವರ ಮುಖ ಅರಳಿತು. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತಿತ್ತು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿ ಪೂರ್ತಿ ನಿಕ್ಕಲ್. ಹಾಗಾಗಿ ಹೆಂಗಸರು ರಾಣಿ ಛಾಪಿನ ಹಳೆಯ ರೂಪಾಯಿಗೇ ಕೊಂಡಿ ಹಚ್ಚಿಸಿ ಕೊರಳಿಗೆ ಹಾಕಿಕೊಂಡರು. ಬರಗಾಲ ಬಂದರೆ ಒಂದೊಂದೇ ಬಿಚ್ಚಿ ಮಾರಲು ಬರುತ್ತಿತ್ತು. ಸರ ಮಾತ್ರ ಉಳಿಯುತ್ತಿತ್ತು.

ಮುಂದೆ ಸವದತ್ತಿ. "ಉಧೋ ಉಧೋ" ಎನ್ನುವ ಜನರ ನಡುವೆ ಗುಡ್ಡ ಹತ್ತಿದೆ. ಜೋಗತಿಯರ ಕೊರಳಲ್ಲಿ ಕವಡೆ ಸರ. ಒಂದು ಕಾಲಕ್ಕೆ ಬಂಗಾಳದಲ್ಲಿ ಹಣವಾಗಿ ಚಲಾವಣೆಯಲ್ಲಿದ್ದ ಕವಡೆ ಇಲ್ಲಿ ದೇವಿಯ ಗುರುತು. ಅಂಗಡಿ ಸಾಲಿನಲ್ಲಿ ಭೇಟಿಯಾದ ಲಮಾಣಿ ಅಜ್ಜಿಯ ಕಾಂಚಳಿಯ ಮೇಲೆ ಕನ್ನಡಿ ಚೂರು, ಕವಡೆ, ಅಂಗಿ ಗುಂಡಿ, ಹಗುರಾದ ಅಲ್ಯುಮಿನಿಯಂ ಪೈಸೆಗಳು. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿ ದೇಶ ತಿರುಗಿದ ಜನ. ದಾರಿಯಲ್ಲಿ ಕೈಗೆ ಬಂದದ್ದೆಲ್ಲ ಮೈಮೇಲೆ ಕುಣಿಯಿತು. 2011ರ ಜೂನ್ 30ಕ್ಕೆ ಚಲಾವಣೆ ಕಳಕೊಂಡ ಚಾರಾಣೆಯನ್ನು ಮುಟ್ಟಿ ತೋರಿಸಿ ಅಜ್ಜಿ ಹೇಳಿದಳು: "ಅಂಗಡ್ಯಾಗ ಬ್ಯಾಡಂದ್ರವ್ವಾ. ನನ್ನ ಕೊರಳಾಗ ಇನ್ನೂ ನಡೀತೈತಿ."

ಹಳೆಯ ವಸ್ತುವಿನಿಂದ ಒಡವೆ ಮಾಡುವುದನ್ನು ಇಂದು ನಗರದ ಮೇಳಗಳಲ್ಲಿ ಹೊಸ ಫ್ಯಾಶನ್ ಎಂದು ಮಾರುತ್ತಾರೆ. ಈ ಹಾದಿಯ ಹೆಣ್ಣುಮಕ್ಕಳಿಗೆ ಅದು ಬದುಕಿನ ಜಾಣತನ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ದೊರೆತಿದೆ. ನಾಣ್ಯಕ್ಕೆ ಕೊಂಡಿ ಬೆಸೆಯುವ ಕೈಗೂ ಅಂಥ ಗೌರವ ಸಲ್ಲಬೇಕು. ಮನೆಯಲ್ಲಿ ಸವೆದ ಕಾಲುಂಗುರವಿದ್ದರೆ, ಯಂತ್ರದಲ್ಲಿ ಒತ್ತಿದ ಹೊಸದನ್ನು ತರುವ ಮೊದಲು ಊರಿನ ಪತ್ತಾರರನ್ನು ಕೇಳಿ: "ಇದರಾಗ ಏನ್ ಮಾಡಾಕ ಬರತೈತ್ರಿ?" ಕೆಲಸ ಬರುತ್ತಿದ್ದರೆ ಅವರ ಮಕ್ಕಳೂ ಊದುಕೊಳವೆ ಹಿಡಿದಾರು.