ಅಕ್ಸ್‌ಬ್ರಿಜ್ ರಸ್ತೆಯಲ್ಲಿ ನಾದದ ಬೆಲೆ

ಲಂಡನ್ನಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಥೇಮ್ಸ್ ನದಿ, ಬಿಗ್ ಬೆನ್ ಗಡಿಯಾರ, ಅರಮನೆಯ ಮುಂದೆ ಕಾವಲುಗಾರರ ಪಾಳಿ ಬದಲಾಗುವ ವೈಭವ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಅಕ್ಸ್‌ಬ್ರಿಜ್ ರಸ್ತೆಯನ್ನು ನೋಡಿ ಬಂದೆವೆಂದು ಹೇಳುವವರು ವಿರಳ. ನೋಡುವಂಥದು ಅಲ್ಲಿ ಹೆಚ್ಚೇನೂ ಇಲ್ಲವೆಂಬುದೂ ನಿಜವೇ. ಷೆಫರ್ಡ್ಸ್ ಬುಷ್‌ನಿಂದ ಹೊರಟು ಆ್ಯಕ್ಟನ್, ಈಲಿಂಗ್, ಹ್ಯಾನ್‌ವೆಲ್, ಸೌತಾಲ್, ಹೇಯ್ಸ್ ಎಂಬ ಊರುಗಳನ್ನು ಹೂವಿನಂತೆ ಪೋಣಿಸಿಕೊಂಡು ಪಶ್ಚಿಮಕ್ಕೆ ಸಾಗುವ ಈ ಹೆದ್ದಾರಿಯ ಇಬ್ಬದಿಗೂ ದಿನಸಿ ಅಂಗಡಿ, ಕ್ಷೌರದಂಗಡಿ, ಕೆಂಪಿಟ್ಟಿಗೆಯ ಮನೆಗಳ ಸಾಲು. 207ನೆಯ ನಂಬರಿನ ಎರಡಂತಸ್ತಿನ ಬಸ್ಸು ಇವುಗಳ ನಡುವೆ ನಿಂತು ನಿಂತು ಸಾಗುತ್ತದೆ.

ಆದರೂ ಗಿಟಾರು ಹಿಡಿದವರಿಗೆ ಇದೊಂದು ಯಾತ್ರೆಯ ದಾರಿ. 1960ರ ದಶಕದಿಂದೀಚೆಗೆ ಲೋಕದ ತರುಣರ ಕಿವಿ ತುಂಬಿದ ಗಿಟಾರಿನ ಅಬ್ಬರದ ನಾದಕ್ಕೆ ಈ ರಸ್ತೆಯ ಒಂದು ಅಂಗಡಿ ತವರುಮನೆ. ಇಂದು ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಗಿಟಾರು ಕಲಿಯುತ್ತಿದ್ದಾರೆ. ವರ್ಷವೊಂದು ಕಳೆಯುವಷ್ಟರಲ್ಲಿ, “ಅಪ್ಪಾ, ಇದಕ್ಕೊಂದು ಒಳ್ಳೆಯ ಆಂಪ್ಲಿಫೈಯರ್ ಬೇಕು” ಎಂಬ ಬೇಡಿಕೆಯೂ ಹುಟ್ಟುತ್ತದೆ. ಕೆಲವು ಸಾವಿರ ರೂಪಾಯಿಗೂ ಧ್ವನಿವರ್ಧಕ ದೊರೆಯುತ್ತದೆ. ಅಮೆರಿಕದ ಸಣ್ಣ ಕಾರ್ಯಾಗಾರಗಳಲ್ಲಿ ಕೈಯಿಂದ ಬೆಸೆದ, ‘ಬೂಟೀಕ್’ ಎಂಬ ಬೆಡಗಿನ ಹೆಸರಿನ ಪೆಟ್ಟಿಗೆಗೆ ನಾಲ್ಕು ಸಾವಿರ ಡಾಲರ್, ಎಂದರೆ ಮೂರು ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯುಂಟು. ಅಷ್ಟು ಹಣಕ್ಕೆ ತಕ್ಕ ಗುಣ ಅದರಲ್ಲಿದೆಯೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಕ್ಸ್‌ಬ್ರಿಜ್ ರಸ್ತೆಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಹರಿದ ನಾದದ ಸೊಗಸು

ಮೊದಲು ಯಂತ್ರದ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳೋಣ. ವಿದ್ಯುತ್ ಗಿಟಾರು ತಾನಾಗಿ ಹೆಚ್ಚು ಸದ್ದು ಮಾಡಲಾರದು. ವೀಣೆಗಿರುವಂಥ ಟೊಳ್ಳು ಕೊಡ ಸಾಮಾನ್ಯವಾಗಿ ಅದಕ್ಕಿಲ್ಲ. ಅಯಸ್ಕಾಂತದ ಮೇಲೆ ತಂತಿ ಮಿಡಿದಾಗ ಅದರ ಸುತ್ತಲಿನ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಉಣಿಸುವುದು ಧ್ವನಿವರ್ಧಕದ ಕೆಲಸ. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಬೆಳಗುತ್ತಿದ್ದ ಗಾಜಿನ ವಾಲ್ವುಗಳೇ ಇಲ್ಲಿಯೂ ದುಡಿಯುತ್ತವೆ. ವಾಲ್ವಿನ ಶಕ್ತಿಗೆ ಮೀರಿ ದುಡಿಸಿದರೆ ನಾದದ ಅಲೆಯ ಶಿಖರಗಳು ಚಪ್ಪಟೆಯಾಗಿ, ಮೂಲಸ್ವರದ ಜೊತೆಗೆ ಹೊಸ ಉಪಸ್ವರಗಳು ಏಳುತ್ತವೆ. ಧ್ವನಿ ಹರಿದಂತೆ ಕೇಳಿಸುತ್ತದೆ. ಎಂಜಿನಿಯರಿಗೆ ಅದು ದೋಷ. ವಾದಕನಿಗೆ ಅದೇ ಸೊಗಸು. ನಮ್ಮ ತಂಬೂರಿಯ ಕುದುರೆಯ ಮೇಲೆ ಜೀವಾಳದ ಎಳೆಯನ್ನು ಸರಿಸಿ ಸರಿಸಿ ಝೇಂಕಾರ ಹುಡುಕುವವರಿಗೆ ಈ ಮಾತು ಸುಲಭವಾಗಿ ತಿಳಿದೀತು. ತಂತಿಯನ್ನು ಕೊಂಚ ಕೆಣಕಿದಾಗಲೇ ಅದಕ್ಕೆ ಜೀವ ಬರುತ್ತದೆ. ಕೆಣಕುವ ಆ ದಾರದ ಬೆಲೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಡ್ರಮ್ ಮೇಷ್ಟರ ಅಂಗಡಿ

ಬಸ್ಸು ಆ್ಯಕ್ಟನ್ ದಾಟುತ್ತದೆ. ‘ದಿ ಹೂ’ ತಂಡದ ಪೀಟ್ ಟೌನ್‌ಷೆಂಡ್, ರೋಜರ್ ಡಾಲ್ಟ್ರಿ, ಜಾನ್ ಎಂಟ್ವಿಸಲ್ ಮೂವರೂ ಓದಿದ್ದು ಇಲ್ಲಿಯ ಶಾಲೆಯಲ್ಲಿ. ಮುಂದೆ ಈಲಿಂಗ್, ರೈಲು ನಿಲ್ದಾಣದ ಎದುರಿನ ನೆಲಮಾಳಿಗೆಯೊಂದರಲ್ಲಿ 1962ರ ಮಾರ್ಚಿ 17ರಂದು ಅಲೆಕ್ಸಿಸ್ ಕೋರ್ನರ್ ಮತ್ತು ಸಿರಿಲ್ ಡೇವೀಸ್ ಬ್ಲೂಸ್ ಸಂಗೀತದ ಕ್ಲಬ್ಬು ತೆರೆದರು. ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸರಿಗೆ ಬ್ರಯನ್ ಜೋನ್ಸನ ಪರಿಚಯವಾದದ್ದು ಅಲ್ಲಿಯೇ. ಅಲ್ಲಿಂದ ಮುಂದಕ್ಕೆ ಹ್ಯಾನ್‌ವೆಲ್. ಬ್ರೆಂಟ್ ನದಿಯ ಮೇಲೆ ಬ್ರೂನೆಲ್ ಎಂಬ ಮಹಾಶಿಲ್ಪಿ ಕಟ್ಟಿದ ಎಂಟು ಕಮಾನುಗಳ ರೈಲುಸೇತುವೆ ಇಂದಿಗೂ ಗಂಭೀರವಾಗಿ ನಿಂತಿದೆ. ಚಾರ್ಲಿ ಚಾಪ್ಲಿನ್ ಬಡ ಬಾಲಕನಾಗಿ ಕೆಲಕಾಲ ಈ ಊರಿನ ಶಾಲೆಯಲ್ಲಿದ್ದ.

ಇದೇ ಹ್ಯಾನ್‌ವೆಲ್ಲಿನಲ್ಲಿ, ಅಕ್ಸ್‌ಬ್ರಿಜ್ ರಸ್ತೆಯ 76ನೆಯ ನಂಬರಿನಲ್ಲಿ, ಜಿಮ್ ಮಾರ್ಷಲ್ ಎಂಬವರು 1960ರಲ್ಲಿ ಒಂದು ಅಂಗಡಿ ತೆರೆದರು. ಅವರು ಡ್ರಮ್ ವಾದಕರು, ಡ್ರಮ್ ಕಲಿಸುವ ಮೇಷ್ಟರು, ಮಾರಾಟಕ್ಕಿಟ್ಟದ್ದೂ ಡ್ರಮ್ಮುಗಳನ್ನೇ. ಶಿಷ್ಯರ ಹಿಂದೆ ಅವರ ಗೆಳೆಯರೂ ಬಂದರು. ನಗರಮಧ್ಯದ ದೊಡ್ಡ ಅಂಗಡಿಗಳಲ್ಲಿ ಆದರ ಕಾಣದ ಆ ಹುಡುಗರು ತಮಗೆ ಬೇಕಾದ ಗಿಟಾರು, ಧ್ವನಿವರ್ಧಕಗಳನ್ನೂ ತರಿಸಿಡುವಂತೆ ಮೇಷ್ಟರನ್ನು ಕೇಳಿದರು. ಹಾಗೆ ಕೇಳಿದವರಲ್ಲಿ ಟೌನ್‌ಷೆಂಡ್ ಮತ್ತು ರಿಚಿ ಬ್ಲ್ಯಾಕ್‌ಮೋರ್ ಸೇರಿದ್ದರು.

ಹುಡುಗರು ಆಸೆಪಟ್ಟದ್ದು ಅಮೆರಿಕದ ‘ಫೆಂಡರ್ ಬಾಸ್‌ಮನ್’ ಪೆಟ್ಟಿಗೆಗೆ. ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಮಾಡಿದ ಯಂತ್ರವದು. ಮಂದ್ರಸ್ವರದ ಬಾಸ್ ಗಿಟಾರಿಗೆಂದು ಮಾಡಿದ್ದನ್ನು ಉಳಿದ ಗಿಟಾರಿನವರೂ ಮೆಚ್ಚಿಕೊಂಡಿದ್ದರು. ಆದರೆ ಹಡಗಿನಲ್ಲಿ ಬಂದ ಸಾಮಾನಿನ ಬೆಲೆ ಇಂಗ್ಲಿಷ್ ಹುಡುಗರ ಕೈಗೆ ಎಟುಕುವಂತಿರಲಿಲ್ಲ. ಆಗ ಮಾರ್ಷಲ್ಲರ ಅಂಗಡಿಯ ದುರಸ್ತಿಗಾರ ಕೆನ್ ಬ್ರಾನ್ ಮತ್ತು ಇ.ಎಂ.ಐ. ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ತರುಣ ಡಡ್ಲಿ ಕ್ರೇವನ್ ಸೇರಿ ಬಾಸ್‌ಮನ್ನಿನ ವಿದ್ಯುನ್ಮಂಡಲವನ್ನೇ ಅನುಸರಿಸಿ ಸ್ವದೇಶೀ ಯಂತ್ರವೊಂದನ್ನು ಬೆಸೆದರು. ಇಂಗ್ಲೆಂಡಿನಲ್ಲಿ ಸುಲಭವಾಗಿ ಸಿಕ್ಕ ವಾಲ್ವು, ಸಿಕ್ಕ ಟ್ರಾನ್ಸ್‌ಫಾರ್ಮರು. ಹಿಂಬದಿ ತೆರೆದ ಪೆಟ್ಟಿಗೆಯ ಹತ್ತಂಗುಲದ ನಾಲ್ಕು ಅಮೆರಿಕನ್ ಸ್ಪೀಕರುಗಳ ಬದಲು, ಮುಚ್ಚಿದ ಪೆಟ್ಟಿಗೆಯಲ್ಲಿ ಸೆಲೆಸ್ಟಿಯನ್ ಕಂಪೆನಿಯ ಹನ್ನೆರಡಂಗುಲದ ನಾಲ್ಕು ಸ್ಪೀಕರುಗಳು. 1962ರಲ್ಲಿ ರೂಪುಗೊಂಡ ಈ ಯಂತ್ರಕ್ಕೆ ಜಿಮ್ ಮತ್ತು ಅವರ ಮಗ ಟೆರಿಯ ಹೆಸರುಗಳನ್ನು ಕೂಡಿಸಿ ‘ಜೆ.ಟಿ.ಎಂ. 45’ ಎಂದು ಹೆಸರಿಟ್ಟರು. ಬಿಡಿಭಾಗಗಳು ಬದಲಾದುದರಿಂದ ನಾದವೂ ಬದಲಾಯಿತು. ಮೂಲಕ್ಕಿಂತ ದಪ್ಪ, ಒರಟು. ಹುಡುಗರಿಗೆ ಬೇಕಾಗಿದ್ದುದೂ ಅದೇ.

ಇಲ್ಲಿ ಒಂದು ಗಳಿಗೆ ನಿಂತು ಯೋಚಿಸಬೇಕು. ಇಂದು ಸಂಗ್ರಹಕಾರರು ದೊಡ್ಡ ಮೊತ್ತ ಸುರಿದು ಕೊಳ್ಳುವ ಆ ಹಳೆಯ ಮಾರ್ಷಲ್ ಪೆಟ್ಟಿಗೆ ಹುಟ್ಟಿದ್ದೇ ದುಬಾರಿ ಪೆಟ್ಟಿಗೆಯನ್ನು ಕೊಳ್ಳಲಾರದವರಿಗಾಗಿ. ಅದರ ವಿಶಿಷ್ಟ ನಾದ ಮಿತವ್ಯಯದ ಕೂಸು.

ಬೆಲೆ ಏರಿದ ಬಗೆ

ಹಾಗಾದರೆ ಇಂದಿನ ಕುಶಲಕರ್ಮಿಗಳು ಕೇಳುವ ಲಕ್ಷಗಳು ಬರಿಯ ಮೋಸವೆ? ಹಾಗೆನ್ನುವುದು ಅನ್ಯಾಯ. ದೊಡ್ಡ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಚ್ಚೊತ್ತಿದ ಹಲಗೆಯ ಮೇಲೆ ಯಂತ್ರವೇ ಕೂರಿಸುತ್ತದೆ. ಸಣ್ಣ ಕಾರ್ಯಾಗಾರದಲ್ಲಿ ಒಬ್ಬ ಮನುಷ್ಯ ಒಂದೊಂದು ತಂತಿಯನ್ನೂ ಕತ್ತರಿಸಿ, ಬಾಗಿಸಿ, ಬೆಸೆಯುತ್ತಾನೆ. ಟ್ರಾನ್ಸ್‌ಫಾರ್ಮರುಗಳನ್ನು ಸಾವಿರಗಟ್ಟಲೆ ತರಿಸಿದರೆ ಸಿಗುವ ದರ ಹತ್ತಿಪ್ಪತ್ತು ತರಿಸುವವನಿಗೆ ಸಿಗದು. ಇದಕ್ಕೆ ಪ್ರತಿಫಲವೂ ಉಂಟು: ಬಿಡಿಬಿಡಿಯಾಗಿ ಬೆಸೆದದ್ದು ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು, ಒಳ್ಳೆಯ ದುರಸ್ತಿಗಾರನಿದ್ದರೆ ಮೊಮ್ಮಗನ ಕಾಲಕ್ಕೂ ಅದು ನುಡಿದೀತು. ಅಗ್ಗದ ಪೆಟ್ಟಿಗೆ ಕೆಟ್ಟಾಗ ಹಲವು ವೇಳೆ ಹಲಗೆಯನ್ನೇ ಎಸೆಯಬೇಕಾಗುತ್ತದೆ. ದುಡಿಮೆಗೂ ಬಾಳಿಕೆಗೂ ಕೊಟ್ಟ ಹಣ ವ್ಯರ್ಥವಲ್ಲ.

ಆದರೆ ಬೆಲೆಯಲ್ಲಿ ಇನ್ನೊಂದು ಪಾಲಿದೆ. ಅದು ಕಥೆಯ ಬೆಲೆ. ಕ್ಯಾಲಿಫೋರ್ನಿಯದ ಅಲೆಕ್ಸಾಂಡರ್ ಡಂಬಲ್ ತಮ್ಮ ಜೀವಮಾನದಲ್ಲಿ ಮಾಡಿದ್ದು ಕೆಲವು ನೂರು ಧ್ವನಿವರ್ಧಕಗಳನ್ನು ಮಾತ್ರ. ಗುಟ್ಟು ಹೊರಬೀಳದಿರಲೆಂದು ಒಳಗಿನ ಭಾಗಗಳ ಮೇಲೆ ಅಂಟುರಾಳ ಸುರಿದು ಮುಚ್ಚುತ್ತಿದ್ದರು. 2022ರಲ್ಲಿ ಅವರು ತೀರಿಕೊಂಡರು. ಅವರ ಪೆಟ್ಟಿಗೆಗಳು ಒಂದು ಲಕ್ಷ ಡಾಲರನ್ನೂ ಮೀರಿ ಮಾರಾಟವಾಗಿವೆ. ಅವರ ಅತ್ಯಂತ ಪ್ರಸಿದ್ಧ ಮಾದರಿಗೆ ಸ್ಫೂರ್ತಿ ಎಲ್ಲಿಂದ ಬಂತು ಗೊತ್ತೆ? ರಾಬೆನ್ ಫೋರ್ಡ್ ಎಂಬ ವಾದಕ ಸಾಮಾನ್ಯವಾದೊಂದು ಫೆಂಡರ್ ಬಾಸ್‌ಮನ್ ಪೆಟ್ಟಿಗೆಯಲ್ಲಿ ನುಡಿಸಿದ್ದನ್ನು ಕೇಳಿ ಎಂದು ಹೇಳುತ್ತಾರೆ. ಹ್ಯಾನ್‌ವೆಲ್ಲಿನ ಹುಡುಗರು ಬಯಸಿದ ಪೆಟ್ಟಿಗೆಯೇ ಇಲ್ಲಿಯೂ ಮೂಲ. ಅದರ ಹಿಂದೆ ಇದ್ದದ್ದು ಒಬ್ಬ ಪಳಗಿದ ವಾದಕನ ಕೈ.

ಕಸದ ತೊಟ್ಟಿಯಿಂದ ಬಂದದ್ದು

ರಸ್ತೆಯ ನಂಟು ಬಿಟ್ಟು ಮನಸ್ಸನ್ನು ಕ್ಷಣಕಾಲ ಉತ್ತರ ಲಂಡನ್ನಿನ ಮಸ್‌ವೆಲ್ ಹಿಲ್ಲಿಗೆ ಕಳುಹಿಸೋಣ. ಅಲ್ಲಿಯ ಡೇವ್ ಡೇವೀಸ್ ಎಂಬ ಹುಡುಗ ತನ್ನ ಪುಟ್ಟ ಅಗ್ಗದ ‘ಎಲ್ಪಿಕೊ’ ಪೆಟ್ಟಿಗೆಯ ಸ್ಪೀಕರನ್ನು ಕ್ಷೌರದ ಬ್ಲೇಡಿನಿಂದ ಸೀಳಿದ. ಆ ಹರಕು ಸ್ಪೀಕರಿನ ನಾದವೇ 1964ರಲ್ಲಿ ‘ಕಿಂಕ್ಸ್’ ತಂಡದ ಹಾಡನ್ನು ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿಸಿತು. ಹೇಯ್ಸ್‌ನಿಂದ ಕೆಲವೇ ಮೈಲಿ ದಕ್ಷಿಣದ ಫೆಲ್ತಮ್ಮಿನಲ್ಲಿ ಬ್ರಯನ್ ಮೇ ತಂದೆಯೊಡನೆ ಸೇರಿ ಹಳೆಯ ಅಗ್ಗಿಷ್ಟಿಕೆಯ ಮರದಿಂದ ಗಿಟಾರು ಮಾಡಿಕೊಂಡ. ಮುಂದೆ ಅವನ ‘ಕ್ವೀನ್’ ತಂಡದ ಗೆಳೆಯ ಜಾನ್ ಡೀಕನ್ ಕಸದ ತೊಟ್ಟಿಯಲ್ಲಿ ಸಿಕ್ಕ ಸರ್ಕಿಟ್ ಹಲಗೆಯೊಂದನ್ನು ಪುಸ್ತಕದ ಕಪಾಟಿನಲ್ಲಿಡುವಂಥ ಸ್ಪೀಕರು ಪೆಟ್ಟಿಗೆಗೆ ಕೂಡಿಸಿ, ಬ್ಯಾಟರಿಯಿಂದ ನಡೆಯುವ ಧ್ವನಿವರ್ಧಕ ಮಾಡಿಕೊಟ್ಟ. 1975ರ ಕ್ವೀನ್ ತಂಡದ ಗಾನಸಂಪುಟದಲ್ಲಿ ಜಾಜ್ ವಾದ್ಯವೃಂದದಂತೆ ಕೇಳಿಸುವ ನಾದ ಹೊರಟಿದ್ದು ಆ ಪೆಟ್ಟಿಗೆಯಿಂದಲೇ.

ಮನೆಯ ಯಜಮಾನರು ಇನ್ನೊಂದು ವಿಷಯವನ್ನೂ ಗಮನಿಸಬೇಕು. ವಾಲ್ವು ತನ್ನ ಸೊಗಸನ್ನು ತೋರುವುದು ದಣಿದಾಗ. ನಲವತ್ತು ವಾಟಿನ ಪೆಟ್ಟಿಗೆಯನ್ನು ದಣಿಸಬೇಕಾದರೆ ಸಭಾಂಗಣವೇ ಬೇಕು. ಗೋಡೆಗೆ ಗೋಡೆ ತಾಗಿದ ನಮ್ಮ ಮನೆಗಳಲ್ಲಿ ಅಷ್ಟು ದಣಿಸುವ ಮೊದಲೇ ನೆರೆಮನೆಯವರು ದಣಿದು ಬಾಗಿಲು ತಟ್ಟುತ್ತಾರೆ. ಮೂರು ಲಕ್ಷ ಕೊಟ್ಟು ತಂದದ್ದನ್ನು ಪಿಸುಮಾತಿನಲ್ಲಿ ನುಡಿಸಿದರೆ ಕೊಟ್ಟ ಹಣದ ಬಹುಪಾಲು ಪೆಟ್ಟಿಗೆಯೊಳಗೇ ಉಳಿಯುತ್ತದೆ. ರಾತ್ರಿ ರಾತ್ರಿ ವೇದಿಕೆಯೇರಿ ಜೀವನ ನಡೆಸುವ ವಾದಕನಿಗೆ ಅದು ನೇಗಿಲಿದ್ದಂತೆ, ಅವನು ಕೊಳ್ಳಲಿ. ಕಲಿಯುವ ಮಗುವಿಗೆ ಸಾಧಾರಣ ಪೆಟ್ಟಿಗೆ ಸಾಕು. ಉಳಿದ ಹಣ ಒಳ್ಳೆಯ ಗುರುವಿಗೆ ಸಲ್ಲಲಿ.

ಕೊನೆಯ ನಿಲ್ದಾಣ

ಹ್ಯಾನ್‌ವೆಲ್ ದಾಟಿದರೆ ಸೌತಾಲ್. ಪಂಜಾಬಿ ಅಂಗಡಿಗಳು, ಬಿಸಿ ಜಿಲೇಬಿಯ ಪರಿಮಳ. ಆಮೇಲೆ ಹೇಯ್ಸ್. ಬಸ್ಸಿಳಿದು ರೈಲು ನಿಲ್ದಾಣದ ದಿಕ್ಕಿಗೆ ನಡೆದರೆ ಮಾರ್ಷಲ್ಲರು 1964ರಲ್ಲಿ ಮೊದಲ ಕಾರ್ಖಾನೆ ತೆರೆದ ಸಿಲ್ವರ್‌ಡೇಲ್ ರಸ್ತೆ ಸಿಗುತ್ತದೆ. ಹದಿನಾರು ಜನ ಸೇರಿ ವಾರಕ್ಕೆ ಇಪ್ಪತ್ತು ಯಂತ್ರ ಕಟ್ಟುತ್ತಿದ್ದರಂತೆ. ಎಂದರೆ, ಆಗ ಅದೂ ಇಂದಿನ ‘ಬೂಟೀಕ್’ಗಳಂಥ ಕೈಗೆಲಸದ ಮನೆಯೇ, ಹೆಸರೊಂದು ಇರಲಿಲ್ಲ. ಮಾರ್ಷಲ್ಲರು 2012ರಲ್ಲಿ ಕಣ್ಮುಚ್ಚಿದರು.

ಅಲ್ಲಿಗೆ ಸಮೀಪದಲ್ಲೇ ಇ.ಎಂ.ಐ. ಸಂಸ್ಥೆಯ ಹಳೆಯ ಕಾರ್ಖಾನೆಯ ನೆಲ. ನಾಯಿಯ ಮುದ್ರೆಯ ಗ್ರಾಮಫೋನ್ ತಟ್ಟೆಗಳನ್ನು ನಮ್ಮ ಹಿರಿಯರು ಬಲ್ಲರು. ಆ ಮನೆತನದ ತಟ್ಟೆಗಳು, ಬೀಟಲ್ಸರ ತಟ್ಟೆಗಳೂ ಸಹ, ಇಲ್ಲಿ ಅಚ್ಚಾಗುತ್ತಿದ್ದವು. ಈಗ ಆ ನೆಲದ ಮೇಲೆ ಮನೆಗಳೂ ಕಚೇರಿಗಳೂ ಎದ್ದಿವೆ. ಇಲ್ಲಿಂದ ಲೋಕದ ಮೂಲೆಮೂಲೆಗೆ ಹೋದ ತಟ್ಟೆಗಳ ಮೇಲೆ ಹಾಡಿದವರ ಹೆಸರಿತ್ತು, ಹಾಡಿನ ಹೆಸರಿತ್ತು. ಗಿಟಾರಿನ ಪೆಟ್ಟಿಗೆಗೆ ಎಷ್ಟು ಕೊಟ್ಟರೆಂದು ಯಾವ ತಟ್ಟೆಯೂ ಹೇಳಲಿಲ್ಲ. ಕೇಳಿದವರು ಯಾರೂ ವಿಚಾರಿಸಲೂ ಇಲ್ಲ.